ಕಾರಿಗೆ ಹೊದಿಸಿದ ಕೌದಿ

ಆಲಿಕಲ್ಲು ಬೀಳಲಿದೆ ಎಂದು ಫೋನುಗಳು ಕಿರುಚಿಕೊಂಡ ಕೂಡಲೇ ಟೆಕ್ಸಾಸಿನ ನಮ್ಮ ಸೀಡರ್ ಪಾರ್ಕ್ ಊರಿನ ಬೀದಿಯಲ್ಲಿ ಒಂದು ತಮಾಷೆ ಶುರುವಾಗುತ್ತದೆ. ಗ್ಯಾರೇಜಿನಲ್ಲಿ ಜಾಗವಿಲ್ಲದವರೆಲ್ಲ ಕಂಬಳಿ, ರಜಾಯಿ, ಯೋಗದ ಚಾಪೆ ಹೊತ್ತು ಓಡಿಬಂದು ತಂತಮ್ಮ ಕಾರುಗಳಿಗೆ ಹೊದಿಸುತ್ತಾರೆ. ಹೆತ್ತ ಮಕ್ಕಳಿಗೂ ಇಷ್ಟು ಅಕ್ಕರೆಯಿಂದ ಹೊದಿಸಿರಲಾರರು. ಇವತ್ತು ಮಧ್ಯಾಹ್ನ ಎದುರುಮನೆಯಾತ ಹೂವಿನ ರಜಾಯಿಯೊಂದನ್ನು ಕಾರಿನ ಮೇಲೆ ಎಳೆಯುತ್ತಿದ್ದ. ಕಿಟಕಿಯಿಂದ ಅದನ್ನು ನೋಡಿದ್ದೇ ತಡ, ನನಗೆ ಭಾವನ ಕೂಪೆ ನೆನಪಾಗಿ ಮೈ ಉರಿಯಿತು.

ಕೂಪೆ ಅಂದರೆ ಎರಡೇ ಬಾಗಿಲಿನ ಕಾರು. ಡಾಲಸ್ ಪಕ್ಕದ ಪ್ಲೇನೋದಲ್ಲಿರುವ ನನ್ನ ಅಕ್ಕನ ಗಂಡ ಅದನ್ನು ತುಕ್ಕು ಹಿಡಿದ ಡಬ್ಬಿಯ ಸ್ಥಿತಿಯಲ್ಲಿ ಮನೆಗೆ ತಂದರು. ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲೇ ರಸ್ತೆಗಿಳಿದ ಅಮೆರಿಕನ್ ಗಾಡಿ. ಆಮೇಲೆ ಎಂಜಿನ್ ಕಿತ್ತು ಹೊಸದು ಹಾಕಿಸಿದರು. ಬ್ರೇಕು ಹೊಸದು, ಗೇರ್‌ಬಾಕ್ಸ್ ಹೊಸದು, ಸೀಟು ಹೊಸದು, ಎದುರಿಗೊಂದು ಟಚ್ ಸ್ಕ್ರೀನು. ಹಳೆಯದೆಂದು ಉಳಿದದ್ದು ಮೇಲಿನ ತಗಡು ಮಾತ್ರ. ಆ ತಗಡನ್ನೇ ತಟ್ಟಿ, "ಕ್ಲಾಸಿಕ್ ಐತಿ ನೋಡು, ಕ್ಲಾಸಿಕ್!" ಎನ್ನುತ್ತಿದ್ದರು. ಬಣ್ಣವಂತೂ ಹೊಳಪಿಲ್ಲದ ಬಿಳಿ. ಹೊಳೆಯಲೆಂದು ದುಡ್ಡು ಸುರಿಯುವವರನ್ನು ಕಂಡಿದ್ದೇನೆ, ಹೊಳೆಯದಿರಲೆಂದು ಸುರಿದವರನ್ನು ಅದೇ ಮೊದಲು ಕಂಡದ್ದು.

ಪೂಜೆಯ ದಿನ ಅಕ್ಕ ಬಾನೆಟ್ಟಿಗೆ ಕುಂಕುಮ ಹಚ್ಚಲು ಹೋದರೆ ಭಾವ ಅಡ್ಡ ನಿಂತರು.

"ಏ, ಮುಟ್ಟಬ್ಯಾಡ! ಮ್ಯಾಟ್ ಪೇಂಟ್ ಐತಿ. ಕಲಿ ಹತ್ತಿದ್ರ ಪಾಲಿಶ್ ಮಾಡಾಕ ಬರಂಗಿಲ್ಲ."

"ಹಂಗಾರ ಎಲ್ಲಿ ಹಚ್ಚಲ್ರಿ?"

"ನಂಬರ್ ಪ್ಲೇಟಿಗೆ ಹಚ್ಚು."

ಅಕ್ಕ ಪಾಪ, ಬಗ್ಗಿ ನಂಬರ್ ಪ್ಲೇಟಿಗೇ ಹಚ್ಚಿದಳು. ಆ ಕಾರಿನೊಳಗೆ ಕುರುಕಲು ತಿನ್ನುವಂತಿರಲಿಲ್ಲ, ಸೀರೆಯ ಪಿನ್ನು ಸೀಟಿಗೆ ತಾಗುವಂತಿರಲಿಲ್ಲ. ಅಂಗಡಿಗೆ ಒಯ್ಯುವ ಮಾತೇ ಇಲ್ಲ, ಯಾರಾದರೂ ಸಾಮಾನಿನ ತಳ್ಳುಗಾಡಿ ತಾಗಿಸಿಬಿಟ್ಟರೆ? ಎಂಜಿನ್ನಿಗೆ ಎಷ್ಟು ಕುದುರೆಗಳ ಶಕ್ತಿ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಆ ಕುದುರೆಗಳು ವಾರವಿಡೀ ಗ್ಯಾರೇಜಿನಲ್ಲಿ ಮಲಗಿರುತ್ತಿದ್ದವು. ಹಿಂದಿನ ಸೀಟಿನಲ್ಲಿ ಕೂರಬೇಕಾದರೆ ಕಾಲುಗಳನ್ನು ಮನೆಯಲ್ಲೇ ಬಿಟ್ಟು ಬರಬೇಕು. ನಾನೊಮ್ಮೆ ಕೂತಿದ್ದೇನೆ. ನನ್ನನ್ನು ಹೊರಗೆಳೆಯಲು ಇಬ್ಬರು ಬೇಕಾಯಿತು. ಅದರಲ್ಲಿ ನನ್ನ ಮೈತೂಕದ ಪಾಲೂ ಇತ್ತೆನ್ನಿ.

ಇನ್ನು ಕೌದಿಯ ವಿಷಯ. ಅವ್ವ ತೀರಿಕೊಳ್ಳುವ ಮುಂಚೆ ತನ್ನ ಹಳೆ ಸೀರೆಗಳನ್ನೇ ಪದರ ಪದರವಾಗಿ ಜೋಡಿಸಿ ಅಕ್ಕನಿಗಾಗಿ ಹೊಲಿದದ್ದು ಅದು. ನಡುವೆ ಇಳಕಲ್ ಸೀರೆಯ ಕೆಂಪು ಸೆರಗು. ಬಣ್ಣ ಬಿಡುತ್ತದೆಂದು ಬೇರೆ ಬಟ್ಟೆಗಳ ಜೊತೆ ನೆನೆಹಾಕುವಂತಿರಲಿಲ್ಲ. ಕೊನೆಯ ಮೂಲೆಗೆ ಬರುವಷ್ಟರಲ್ಲಿ ಅವ್ವನ ಕಣ್ಣು ಮಂಜಾಗಿತ್ತು, ಅಲ್ಲಿ ಹೊಲಿಗೆ ಸೊಟ್ಟಸೊಟ್ಟವಾಗಿದೆ. ಅಕ್ಕ ಆ ಮೂಲೆಯನ್ನು ಬೆರಳಿಗೆ ಸುತ್ತಿಕೊಂಡರೇ ನಿದ್ದೆ ಹೋಗುವುದು. ಅವ್ವನದೆಂದು ಅವಳ ಹತ್ತಿರ ಉಳಿದಿದ್ದದ್ದೂ ಅದೊಂದೇ. ಹೀಗಾಗಿ ಎಲ್ಲಿಗೆ ಹೋದರೂ ಕೌದಿ ಅವಳ ಜೊತೆಗಿರುತ್ತಿತ್ತು.

ಆಗ ನಾವು ಹ್ಯೂಸ್ಟನ್ ಪಕ್ಕದ ಸೈಪ್ರೆಸ್ ಎಂಬ ಊರಿನಲ್ಲಿದ್ದೆವು. ಹ್ಯೂಸ್ಟನ್‌ನಲ್ಲಿ ಹಳೆ ಕಾರುಗಳ ಪ್ರದರ್ಶನವಿದೆಯೆಂದು ಭಾವ ಕೂಪೆಯನ್ನೂ ಅಕ್ಕನನ್ನೂ, ಅದೇ ಕ್ರಮದಲ್ಲಿ, ಕರೆದುಕೊಂಡು ಬಂದರು. ನಮ್ಮ ಗ್ಯಾರೇಜು ಅಕ್ಕಿಚೀಲ, ಸೂಟ್‌ಕೇಸು, ಹಬ್ಬದ ದೊಡ್ಡ ಪಾತ್ರೆಗಳಿಂದ ತುಂಬಿತ್ತು. ಕೂಪೆ ಹೊರಗೆ ನಿಂತಿತು. ಮಾರನೆಯ ಮಧ್ಯಾಹ್ನ ನಾನೂ ಅಕ್ಕನೂ ಮಿರ್ಚಿ ಕರಿಯುತ್ತಿದ್ದಾಗ ಫೋನು ಕಿರುಚಿತು. ಭಾವ ಮೆಟ್ಟಿಲು ಹತ್ತಿ ಇಳಿದು ಓಡಾಡಿದ್ದು ಕೇಳಿಸಿತು. ನಾವು ಬಾಗಿಲಿಗೆ ಬರುವಷ್ಟರಲ್ಲಿ ಲಿಂಬೆಹಣ್ಣಿನಷ್ಟು ದಪ್ಪನೆಯ ಕಲ್ಲುಗಳು ಬೀಳುತ್ತಿದ್ದವು. ಬಾನೆಟ್ಟಿನ ಮೇಲೆ ನನ್ನ ರಜಾಯಿ. ಕಾರಿನ ನೆತ್ತಿಯ ಮೇಲೆ ಅವ್ವನ ಕೌದಿ.

"ಕಾರ್ ಸೇಫ್ ಐತಿ!" ಎಂದು ಭಾವ ಹಿಗ್ಗಿನಿಂದ ಕೂಗಿದರು.

"ಅದು ಅವ್ವನ ಕೌದಿರೀ," ಎಂದಳು ಅಕ್ಕ. ಅಷ್ಟೇ ಹೇಳಿ ಆ ಕಲ್ಲುಮಳೆಗೇ ಇಳಿಯಲು ಹೊರಟಳು. ನಾನು ಸೊಂಟ ಹಿಡಿದು ನಿಲ್ಲಿಸಿದೆ. ಆ ಮನುಷ್ಯನನ್ನು ಆ ಗಳಿಗೆಯಲ್ಲಿ ನಾನು ದ್ವೇಷಿಸಿದೆ.

ಮಳೆ ನಿಂತ ಮೇಲೆ ಕೌದಿ ತೆಗೆದರೆ ಅಲ್ಲಲ್ಲಿ ಹರಿದುಹೋಗಿತ್ತು. ಕೆಳಗೆ ಬಿಳಿ ತಗಡಿನ ಮೇಲೆ ಅಗಲವಾದ ಕೆಂಪು ಕಲೆ. ಭಾವ ಅಂಗಿಯ ತುದಿಯಿಂದ ಉಜ್ಜಿದರು, ಉಜ್ಜುವಂತಿಲ್ಲವೆಂದು ನೆನಪಾಗಿ ಬಿಟ್ಟರು, ತಡೆಯಲಾರದೆ ಮತ್ತೆ ಉಜ್ಜಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಕ್ಕ ನಗಲಿಲ್ಲ, ಅಳಲೂ ಇಲ್ಲ. ಹರಿದ ಭಾಗಗಳನ್ನು ಕತ್ತರಿಸಿ, ಉಳಿದದ್ದನ್ನು ಹೊಲಿದು, ಕೂಪೆಯ ಮುಂದಿನ ಸೀಟಿನ ಮೇಲೆ ಹಾಸಿದಳು.

"ಇನ್ನ ಮ್ಯಾಲೆ ಇದು ಇಲ್ಲೇ ಇರತೈತಿ. ನಿಮ್ಮ ಕಾರ್ ಕಾಯ್ದದ್ದು ಇದೇ ಅಲ್ರಿ? ನಾನು ಇದರ ಮ್ಯಾಲೆ ಕುಂತು ಸಂತಿಗೂ ಬರಾಕಿ."

ಭಾವ ನಾಲ್ಕು ದಿನ ಸುಮ್ಮನಿದ್ದು, ಕಾರಿಗೆ ಹೊಸ ಬಣ್ಣ ಹೊಡೆಸಿ, ಕೌದಿಯನ್ನು ಕಪಾಟಿಗೆ ಸೇರಿಸುತ್ತಾರೆ ಎಂದು ನಾನು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಇವತ್ತಿನ ಆಲಿಕಲ್ಲು ಡಾಲಸ್ ಕಡೆಗೂ ಇದೆಯೆಂದು ತಿಳಿದು ಅಕ್ಕನಿಗೆ ಫೋನು ಮಾಡಿದೆ. ಎತ್ತಿದ್ದು ಭಾವ. ಹಿಂದೆ ಕಲ್ಲು ಬೀಳುವ ಸದ್ದು.

"ಎಲ್ಲಿದ್ದೀರಿ ಭಾವಾ?"

"ಕಿರಾಣಿ ಅಂಗಡ್ಯಾಗ. ನಿಮ್ಮಕ್ಕ ಮೆಂತ್ಯಪಲ್ಲೆ ಆರಸಾಕತ್ತಾಳ."

"ಮತ್ತ ಕೂಪೆ?"

"ಹೊರಗ ನಿಂತೈತಿ."

"ಅಯ್ಯ, ಕಲ್ಲು ಬೀಳಾಕತ್ತಾವಲ್ರಿ!"

"ಬೀಳವಲ್ಲದ್ಯಾಕ, ಬಿಡು. ಗಾಜು ಒಡದೀತಂತ ಓಡಿಹೋಗಿ ಕೌದಿ ಅಂಗಡಿ ಒಳಗ ತಂದೇನಿ. ಒಂದು ಮೂಲಿ ಅಷ್ಟ ತೊಯ್ದೈತಿ. ಅಕಿಗೆ ಹೇಳಬ್ಯಾಡ."

ಆ ತಗಡಿನ ಬಗ್ಗೆ ಒಂದು ಕೊಂಕುಮಾತು ನನ್ನ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅದು ಹೊರಗೆ ಬರಲಿಲ್ಲ.

"ಯಾವ ಮೂಲಿ?" ಎಂದು ಕೇಳಿದೆ.

"ಅತ್ತಿ ಸೊಟ್ಟ ಹೊಲಿಗಿ ಹಾಕಿದ ಮೂಲಿ," ಎಂದರು ಭಾವ. "ಇಲ್ಲೇ ನಿಂತು ಅಂಗೀಲೆ ಒರಸಾಕತ್ತೇನಿ."