ಕರೆಯದೇ ಬಂದ ಮುಯ್ಯಾಳು

ಬೆಳಿಗ್ಗೆ ಏಳೂವರೆಗೆ ನಾನು ಹೊಲಕ್ಕೆ ಹೋದಾಗ, ಗುರುತಿಲ್ಲದ ಹೆಂಗಸೊಬ್ಬರು ನಮ್ಮ ರಾಗಿ ಪೈರಿನ ಕಳೆ ಕೀಳುತ್ತಿದ್ದರು. ಅವ್ವನ ಕೈ ಮುರಿದು ಕೆಲಸ ನಿಂತಿತ್ತು, ನಿಜ. ಆದರೆ ನಾವು ಯಾರನ್ನೂ ಕರೆದಿರಲಿಲ್ಲ.

“ಯಾರು ನೀವು? ಯಾರು ಕಳ್ಸಿದ್ರು?” ಎಂದೆ.

“ಅಂಪಾಪುರದವಳು ಕಣವ್ವ. ನಿಮ್ಮವ್ವಂದು ಎಲ್ಡು ಮುಯ್ಯಾಳು ನನ್ ಮ್ಯಾಲದೆ” ಎಂದರು, ತಲೆಯೆತ್ತದೆ.

ಆ ಪದವನ್ನು ನಾನು ಕೇಳಿರಲೇ ಇಲ್ಲ. ಕೂಲಿ ಕೇಳದೆ ದುಡಿಯುವವರು ನಾಳೆ ಹೊಲದಲ್ಲೇ ಪಾಲು ಕೇಳಿದರೆ? ವಿಚಾರಿಸೋಣವೆಂದರೆ ಅವ್ವ ಆಸ್ಪತ್ರೆಗೆ ಹೋಗಿದ್ದಳು. ಬದುವಿನ ಮೇಲೆ ಕುಳಿತು ಡೈರಿ ತೆಗೆದೆ. ಕಿತ್ತ ಸಾಲು ಹದಿನಾಲ್ಕು, ನಮ್ಮ ಅವರೆ ಗಿಡಗಳ ಕಡೆ ಹೋದದ್ದು ಎರಡು ಸಲ ಎಂದು ಬರೆದುಕೊಂಡೆ. ನಾನು ಅವರು ತಂದಿದ್ದ ಚೀಲವನ್ನೇ ನೋಡುತ್ತಿರುವುದು ಅವರಿಗೂ ತಿಳಿಯಿತು.

“ಅದ್ರಲ್ಲಿ ನನ್ ಮುದ್ದೆ ಅದೆ ಕಣವ್ವ, ಅದ್ನೂ ಬರ್ಕೊ” ಎಂದು ನಕ್ಕರು.

ಮಧ್ಯಾಹ್ನ ಅವ್ವ ಬಂದವಳೇ ಅವರ ಕೈ ಹಿಡಿದುಕೊಂಡಳು. ಅವರ ಗಂಡ ಹಾಸಿಗೆ ಹಿಡಿದಿದ್ದ ವರ್ಷ ಅವ್ವ ಎರಡು ದಿನ ಅವರ ಗದ್ದೆಯಲ್ಲಿ ನಾಟಿ ಮಾಡಿದ್ದಳಂತೆ. ದುಡಿಮೆಯನ್ನು ದುಡಿಮೆಯಿಂದಲೇ ತೀರಿಸುವುದಕ್ಕೆ ಮುಯ್ಯಾಳು ಎನ್ನುತ್ತಾರಂತೆ. ಆ ಎರಡು ದಿನವನ್ನು ಅವ್ವ ಮರೆತೇಬಿಟ್ಟಿದ್ದಳು.

ಮೊನ್ನೆ ನನಗೆ ಜ್ವರ ಬಂದಾಗ ಗೆಳತಿ ಎರಡು ದಿನದ ಪಾಠ ಬರೆದುಕೊಟ್ಟಳು. “ನಿಂದು ಎರಡು ಮುಯ್ಯಾಳು ನನ್ನ ಮೇಲಿದೆ ಕಣೇ” ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ಅನುಮಾನದಿಂದ ನೋಡಿ, “ಏನಮ್ಮಾ, ಈಗ ಇನ್ನೇನು ಬೇಕಿತ್ತು?” ಎಂದಳು. ಆ ದಿನ ಬದುವಿನ ಮೇಲೆ ಕುಳಿತಿದ್ದ ನನ್ನ ಮುಖವೂ ಅವಳ ಮುಖದ ಹಾಗೇ ಇದ್ದಿರಬೇಕು.