ಬಿಸಿಲಿನ ಮೇಲೆ ಹೊರಿಸಿದ ಏಳು ಮರಗಳು

೧೯೮೩ರಲ್ಲಿ ನಾನು ಮಂಗಳೂರಿನಲ್ಲಿ ರೇಂಜ್ ಫಾರೆಸ್ಟ್ ಆಫೀಸರ್ ಆಗಿದ್ದೆ. ಕೊಡಿಯಾಲ್‌ಬೈಲಿನ ಬಾಡಿಗೆ ಕೋಣೆಯಿಂದ ಆಫೀಸಿಗೆ ನಡೆದು ಹೋಗುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟುತ್ತಿತ್ತು. ಹಿಂದಿನ ವರ್ಷ ಮಳೆ ಬೇಗ ನಿಂತಿತ್ತು. ಈಗ ಮೇ ಮುಗಿಯುತ್ತ ಬಂದರೂ ಒಂದು ಹನಿ ಬಿದ್ದಿರಲಿಲ್ಲ. ಮರ ಒಣಗಿದೆ, ಕಡಿಯಲು ಅನುಮತಿ ಕೊಡಿ ಎಂಬ ಅರ್ಜಿಗಳು ಮೇಜಿನ ಮೇಲೆ ಬೀಳುತ್ತಲೇ ಇದ್ದವು. ನಾನು ಹೋಗಿ ನೋಡಿ, ಕಾರಣ ಬರೆದು, ಮಾರ್ಕಿಂಗ್ ಹ್ಯಾಮರಿನಿಂದ, ಎಂದರೆ ಇಲಾಖೆಯ ಮುದ್ರೆಯಿರುವ ಸುತ್ತಿಗೆಯಿಂದ, ಬುಡಕ್ಕೊಂದು ಪೆಟ್ಟು ಕೊಟ್ಟರೆ ಆ ಮರದ ಕಥೆ ಮುಗಿಯಿತು.

ಅವುಗಳಲ್ಲಿ ಒಂದು ಅರ್ಜಿ ಕಾಟಿಪಳ್ಳದ ಕಡೆಯ ಸಂಜೀವ ಶೆಟ್ರದು. ಬೊಂಬಾಯಿಯಲ್ಲಿ ಹೋಟೆಲು ನಡೆಸಿ ಊರಿಗೆ ಮರಳಿದವರು. ಅವರ ಕುಟುಂಬದ ನಾಗಬನದಲ್ಲಿ ಏಳು ಹಾಲೆ ಮರ ಒಣಗಿದ್ದವಂತೆ. ನಾಗನ ಕಲ್ಲುಗಳಿರುವ ಬನಕ್ಕೆ ನಮ್ಮಲ್ಲಿ ಯಾರೂ ಕತ್ತಿ ಹಾಕುವುದಿಲ್ಲ. ಮರ ತಾನಾಗಿ ಸತ್ತರೆ ಮಾತ್ರ, ನಾಗನ ಅಪ್ಪಣೆ ಕೇಳಿ ತೆಗೆಯುತ್ತಾರೆ. ಹಾಗಾಗಿ ತಾನಾಗಿ ಸತ್ತಿದೆ ಎಂದು ಸರಕಾರದವನೊಬ್ಬ ಬರೆದುಕೊಡಬೇಕಿತ್ತು.

ಬನ ದಿಣ್ಣೆಯ ಮೇಲಿತ್ತು. ತರಗೆಲೆ ಇರಬೇಕಾದ ನೆಲಕ್ಕೆಲ್ಲ ಸಿಮೆಂಟು ಹಾಕಿ ಕೆಂಪು ಬಣ್ಣ ಬಳಿದಿದ್ದರು. ಕಾಂಡಗಳ ಸುತ್ತ ಬೆರಳು ತೂರುವಷ್ಟೂ ಮಣ್ಣು ಬಿಟ್ಟಿರಲಿಲ್ಲ. ಹಿಂದಿನ ವರ್ಷ ಮಳೆಗೆ ಮೊದಲು ಆದ ಕೆಲಸ.

“ಮೊದಲು ಇಲ್ಲಿ ಕಾಲಿಡ್ಲಿಕ್ಕೆ ಆಗ್ತಿರ್ಲಿಲ್ಲ ಸಾರ್,” ಶೆಟ್ರು ಹೆಮ್ಮೆಯಿಂದ ಹೇಳಿದರು. “ಈಗ ನೋಡಿ, ಎಷ್ಟು ಕ್ಲೀನ್ ಉಂಟು. ನಾಗನಿಗೆ ನಾವು ಎಂತದೂ ಕಮ್ಮಿ ಮಾಡ್ಲಿಲ್ಲ.”

ಚಪ್ಪಲಿ ಕಳಚಿ ಒಳಗೆ ಕಾಲಿಟ್ಟರೆ ಅಂಗಾಲು ಸುಟ್ಟಿತು.

ದಿಣ್ಣೆಯ ಕೆಳಗೆ ಬೀಡಿ ಕಟ್ಟಿ ಬದುಕುತ್ತಿದ್ದ ಕಲ್ಯಾಣಿಯಕ್ಕ ಎಂಬ ಒಂಟಿ ಹೆಂಗಸು ಆವರಣದ ಹೊರಗೆ ಬಂದು ನಿಂತಿದ್ದರು. ಬನದ ತಂಪಿನಿಂದಲೇ ತನ್ನ ಬಾವಿಯಲ್ಲಿ ನೀರು ಎಂಬುದು ಅವರಿಗೆ ಗೊತ್ತಿತ್ತು. “ಸಾರ್, ಈಚೆ ಬದಿಯಲ್ಲಿ ಸಹ ಅದೇ ಹಾಲೆ ಮರ ಉಂಟು. ಅದಕ್ಕೆ ಎಂತ ಆಗ್ಲಿಲ್ಲ. ಬಿಸಿಲು ಎರಡಕ್ಕೂ ಒಂದೇ ಅಲ್ವಾ?” ಎಂದರು.

ನೋಡಿದೆ. ಹೊರಗಿನ ಮರ ಬಾಡಿತ್ತು, ಆದರೆ ಹಸಿರಾಗಿತ್ತು. ಬೇರಿಗೆ ನೀರೂ ಬೇಕು, ಗಾಳಿಯೂ ಬೇಕು. ಇದು ನಮಗೆ ಟ್ರೇನಿಂಗಿನಲ್ಲಿ ಹೇಳಿಕೊಟ್ಟ ಮೊದಲ ಪಾಠ. ಎಲೆಯಿಲ್ಲದ ಮರವನ್ನು ಸತ್ತದ್ದು ಎನ್ನುವ ಮೊದಲು ಚೂರಿಯಿಂದ ತೊಗಟೆ ಕೆರೆಯಬೇಕು, ಒಳಗೆ ಹಸಿರಿದ್ದರೆ ಜೀವವಿದೆ ಎಂಬುದು ಎರಡನೆಯದು. ಚೂರಿ ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ. ಕಾರಣ ಸಿಮೆಂಟು ಎಂದು ಬರೆದರೆ ನಾಗನ ಮರವನ್ನು ಕುಟುಂಬವೇ ಕೊಂದಿತು ಎಂದು ಬರೆದ ಹಾಗೆ. ಶೆಟ್ರಾದರೋ ಪೇಟೆಯ ದೊಡ್ಡವರಿಗೆಲ್ಲ ಬೇಕಾದವರು. ಬೆಕ್ಕಿಗೆ ಗಂಟೆ ಕಟ್ಟಲು ನಾನೇ ಯಾಕೆ? ಅವರು ಎಳನೀರಿನ ಬೊಂಡ ಕೆತ್ತಿಸಿ ಕೈಗೆ ಕೊಟ್ಟು, “ಸೆಕೆ ಮಾರಾಯ್ರೆ. ಮರವಾದರೂ ಎಷ್ಟು ತಡೆದೀತು?” ಎಂದಾಗ ನನಗೆ ಬೇಕಾದ ವಾಕ್ಯ ಸಿಕ್ಕಿತು. ‘ಮಳೆಯ ಅಭಾವ ಮತ್ತು ಅತಿ ಉಷ್ಣತೆಯಿಂದ ಒಣಗಿವೆ’ ಎಂದು ಬರೆದು ಏಳಕ್ಕೂ ಮುದ್ರೆ ಒತ್ತಿದೆ.

ಕಡಿಯುವ ದಿನ ನಾನೂ ಇದ್ದೆ. ಮೂರನೆಯ ಮರಕ್ಕೆ ಗರಗಸ ಹಾಕಿದವನು ಕೈ ನಿಲ್ಲಿಸಿದ. “ಸಾರ್, ಇದರಲ್ಲಿ ಹಾಲು ಬರ್ತಾ ಉಂಟು.”

ಸತ್ತ ಹಾಲೆ ಮರದಲ್ಲಿ ಹಾಲು ಬರುವುದಿಲ್ಲ. ಶೆಟ್ರು ನನ್ನ ಮುಖ ನೋಡಿದರು. “ಮುದ್ರೆ ಬಿದ್ದಿದೆ, ಕಡಿ,” ಎಂದೆ. ಏಳರಲ್ಲಿ ಮೂರು ಮರ ಜೀವಂತವಿದ್ದವು. ಆ ಮಾತು ನೆನಪಾದರೆ ಈಗಲೂ ನನ್ನ ಬಾಯಿಯ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಜೂನಿನಲ್ಲಿ ಮಳೆ ಬಂತು. ನೆರಳಿಲ್ಲದ ಸಿಮೆಂಟಿನ ಮೇಲೆ ಬಿದ್ದ ನೀರು ಇಂಗದೆ ಹರಿದು ರಸ್ತೆಗೆ ಹೋಯಿತು. ಮರುವರ್ಷದ ಮಾರ್ಚಿನಲ್ಲಿ ಕಲ್ಯಾಣಿಯಕ್ಕ ಆಫೀಸಿಗೆ ಬಂದರು. ಬಾವಿ ಬತ್ತಿತ್ತು, ಅವರ ತಿಳಿವಳಿಕೆಯಲ್ಲಿ ಮೊದಲ ಸಲ. ಪಂಚಾಯತಿಯಲ್ಲಿ ನಲ್ಲಿಗೆ ಅರ್ಜಿ ಹಾಕಿದ್ದರು.

“ಬಾವಿ ಬತ್ತಿದ್ದು ಹೇಗೆ ಅಂತ ಆಫೀಸರ ಕಾಗದ ಬೇಕಂತೆ ಸಾರ್. ಶೆಟ್ರ ಮರಕ್ಕೆ ಬರೆದು ಕೊಟ್ಟಿದ್ದೀರಲ್ಲ, ಹಾಗೆ ಒಂದು ಬರೆದು ಕೊಡಿ.”

ಅವರ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಸಲವಾದರೂ ನಿಜ ಬರೆಯಬೇಕೆಂದುಕೊಂಡು, ಮೇಲಿನ ಬನದ ಮರ ಕಡಿದದ್ದರಿಂದಲೂ ನೆಲಕ್ಕೆ ಸಿಮೆಂಟು ಹಾಕಿದ್ದರಿಂದಲೂ ಬಾವಿ ಬತ್ತಿದೆ ಎಂದು ಬರೆದು ಸಹಿ ಹಾಕಿದೆ. ವಾರ ಕಳೆದು ಅದೇ ಕಾಗದ ಹಿಡಿದು ಮರಳಿ ಬಂದರು. “ಇದು ಆಗುದಿಲ್ಲಂತೆ ಸಾರ್. ಬರ ಅಂತ ಇದ್ರೆ ಮಾತ್ರ ನಲ್ಲಿಯಂತೆ.”

ಹರಿದು ಹಾಕಿ ಬೇರೆ ಬರೆದೆ. ‘ಮಳೆಯ ಅಭಾವ ಮತ್ತು ಅತಿ ಉಷ್ಣತೆಯಿಂದ ಬತ್ತಿದೆ.’ ಕಲ್ಯಾಣಿಯಕ್ಕ ಕೈಮುಗಿದು ಹೋದರು.

ಬಿಸಿಲು ಸುಳ್ಳಲ್ಲ. ಬೇಸಿಗೆ ಉದ್ದವಾಗುತ್ತಿದೆ, ಮಳೆ ಲೆಕ್ಕ ತಪ್ಪಿದೆ, ಗಟ್ಟಿ ಮರಗಳೂ ಸೋಲುತ್ತಿವೆ. ಇದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ನಾವು ಮೊದಲೇ ಉಸಿರು ಕಟ್ಟಿಸಿದ ಮರವನ್ನೇ ಬಿಸಿಲು ಮೊದಲು ಮುಗಿಸುತ್ತದೆ, ಆಮೇಲೆ ತಪ್ಪನ್ನೆಲ್ಲ ನಾವು ಅದರ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುತ್ತೇವೆ. ಮರ ಸತ್ತ ಕಾರಣ ಬರೆಯುವ ಮೊದಲು ಅದರ ಬುಡ ನೋಡಬೇಕು ಎಂಬುದನ್ನು ಕೆಲಸ ನನಗೆ ಕಲಿಸಿತು. ಆಮೇಲಿನ ಸರ್ವಿಸಿನಲ್ಲಿ ಚೂರಿ ತೆಗೆಯದೆ ಸುತ್ತಿಗೆ ಎತ್ತಲಿಲ್ಲ. ಅದರಿಂದ ಕಲ್ಯಾಣಿಯಕ್ಕನ ಬಾವಿಗೇನೂ ನೀರು ಬರಲಿಲ್ಲ.