ಚಿತ್ರದ ಮನೆಗೆ ಮಗಳು ಕೊಟ್ಟ ಉತ್ತರ

೧೯೮೬ನೇ ಇಸವಿ. ನನ್ನ ಮಗಳು ಸರೋಜಾಗೆ ಆಗ ಆರು ವರ್ಷ. ನಾವು ತಮಿಳುನಾಡಿನ ಅನ್ನೂರಿನ ನೇಕಾರರು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಹಾಳಾದ ಗೆಡ್ಡೆಯೊಂದು ಅವಳ ಮಿದುಳಿನಲ್ಲಿ ಬೆಳೆದಿತ್ತು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ತೆಗೆದರೂ ಮತ್ತೆ ಚಿಗುರಿತು.

ಆಗ ಡಾಕ್ಟರು ಹೊಸ ಔಷಧವೊಂದರ ವಿಷಯ ಹೇಳಿದರು. ಅದನ್ನಿನ್ನೂ ಪರೀಕ್ಷೆ ಮಾಡಿ ನೋಡುತ್ತಿದ್ದರಂತೆ. "ಗೆಡ್ಡೆ ಕರಗಬಹುದಮ್ಮ. ಮಿದುಳಿಗೇ ಪೆಟ್ಟಾಗಲೂಬಹುದು. ಅವಳಿಗೆ ಮಾತು ಹೋದರೆ ಔಷಧ ನಿಲ್ಲಿಸಿಬಿಡುತ್ತೇವೆ" ಎಂದರು. ನಿಲ್ಲಿಸಿದರೆ ಬೇರೆ ದಾರಿ ಇರಲಿಲ್ಲ. ಕೊನೆಗೆ ನಾನೂ ಗಂಡನೂ ಒಪ್ಪಿಕೊಂಡೆವು.

ವಾರಕ್ಕೊಮ್ಮೆ ಡಾಕ್ಟರು ನನ್ನನ್ನು ಹೊರಗೆ ಕಳಿಸಿ, ಅವಳಿಗೆ ಚಿತ್ರ ತೋರಿಸಿ ತಮಿಳಿನಲ್ಲಿ ಹೆಸರು ಕೇಳುತ್ತಿದ್ದರು. ಒಂದು ದಿನ ಸಪ್ಪೆ ಮುಖದಲ್ಲಿ ಹೊರಗೆ ಬಂದರು. "ಏನೇನೋ ತೊದಲುತ್ತಾಳೆ. ಅರ್ಥವಾಗುವ ಮಾತು ಒಂದೂ ಇಲ್ಲ. ಇನ್ನು ಔಷಧ ಬೇಡ."

ಎರಡು ದಿನದಿಂದ ನನ್ನ ಹತ್ತಿರವೂ ಅವಳು ಬಾಯಿಬಿಟ್ಟಿರಲಿಲ್ಲ. ಮಗು ಕೈತಪ್ಪಿತು ಅಂದುಕೊಂಡೆ. ಭಯ ಹೆಚ್ಚಾದರೆ ನನಗೆ ಸಿಟ್ಟು ಬರುತ್ತದೆ. ಒಳಗೆ ನುಗ್ಗಿದೆ. ನರ್ಸಮ್ಮ ಅಡ್ಡ ಬಂದು ರೂಲ್ಸ್ ಹೇಳಿದರು. "ನಿಮ್ಮ ರೂಲ್ಸು ಉಪ್ಪಿನಕಾಯಿ ಹಾಕ್ಕೊಳ್ಳಿ" ಎಂದು ಹಾಸಿಗೆಯ ಮೇಲಿದ್ದ ಮನೆಯ ಚಿತ್ರ ಎತ್ತಿಕೊಂಡೆ. ಆಸ್ಪತ್ರೆಯಲ್ಲಿ ಅವಳ ಹತ್ತಿರವೂ ತಮಿಳೇ ಆಡುತ್ತಿದ್ದೆ, ಈಗ ಗಾಬರಿಯಲ್ಲಿ ಬಾಯಿಗೆ ಬಂದದ್ದು ಕನ್ನಡವೇ.

"ಏನಿದು, ನನ್ ಕಣ್ಣೇ?"

ಅವಳ ತುಟಿ ನಿಧಾನವಾಗಿ ಅಲುಗಿತು. "ಮನೆ... ನಮ್ದಲ್ಲ. ನಮ್ಮನೆಗೆ ಹೋಗಣವ್ವ."

"ಇದನ್ನೇ ಆಗಲೂ ಹೇಳಿದ್ದು! ಏನದು?" ಎಂದರು ಡಾಕ್ಟರು.

ಆಸ್ಪತ್ರೆಗೆ ಸೇರಿಸುವಾಗ ಯಾವ ಭಾಷೆ ಎಂದು ಕೇಳಿದ್ದಕ್ಕೆ ನಾವು ತಮಿಳು ಎಂದಿದ್ದೆವು. ಹೊರಗಿನವರು ಕೇಳಿದರೆ ನಮ್ಮವರೆಲ್ಲ ಹಾಗೇ ಹೇಳುವುದು. ಕಾಯಿಲೆಯಲ್ಲಿ ಅವಳಿಗೆ ತಮಿಳು ಮರೆತುಹೋಗಿತ್ತು, ಮನೆಮಾತು ಉಳಿದಿತ್ತು. ಅಳುತ್ತಲೇ ಎಲ್ಲ ವಿವರಿಸಿದೆ. ಡಾಕ್ಟರು ಕುರ್ಚಿ ಎಳೆದುಕೊಂಡು ಕುಳಿತು, ಉಳಿದ ಚಿತ್ರಗಳ ಹೆಸರನ್ನೂ ನನ್ನಿಂದಲೇ ಕನ್ನಡದಲ್ಲಿ ಕೇಳಿಸಿದರು.

ಔಷಧ ಮುಂದುವರಿಯಿತು. ಕೂದಲು ಹೋಯಿತು, ಒಂದು ಕಿವಿ ಹೋಯಿತು, ಗೆಡ್ಡೆ ಕರಗಿತು. ಅದೇ ಔಷಧ ತೆಗೆದುಕೊಂಡ ಪಕ್ಕದ ಹಾಸಿಗೆಯ ಹುಡುಗಿ ಉಳಿಯಲಿಲ್ಲ. ನಮಗೊಂದು ಅವಳಿಗೊಂದು ಯಾಕಾಯಿತೆಂದು ಡಾಕ್ಟರಿಗೂ ತಿಳಿಯದು.

ಸರೋಜಾ ಈಗ ತಿರುಪ್ಪೂರಿನಲ್ಲಿ ಸಂಸಾರ ಮಾಡಿಕೊಂಡಿದ್ದಾಳೆ. ಫೋನ್ ಮಾಡಿ ಹೆಸರು ಕರೆದಾಗ ಅವಳು ಉತ್ತರಿಸುವುದು ಸ್ವಲ್ಪ ತಡವಾದರೂ ಸಾಕು, ಆ ಮನೆಯ ಚಿತ್ರ ಹಿಡಿದು ನಿಂತದ್ದೇ ನೆನಪಾಗಿ, ಮುಂದೆ ಹೇಳಬೇಕಾದ್ದು ಮರೆತುಬಿಡುತ್ತೇನೆ. ಆಮೇಲೆ ಅವಳೇ ಕೇಳುತ್ತಾಳೆ, "ಏನವ್ವ, ಯಾಕೆ ಮಾತಾಡಲ್ಲ?"